ನೆಲ ಮುಟ್ಟಿದ್ದಕ್ಕಷ್ಟೇ ಸುಂಕ

ಜವಳಗಿರಿಗೂ ಕಡಲಿಗೂ ಬಹಳ ದೂರ. ತಳಿಯ ಕಡೆ ಹೊರಟರೂ ಡೆಂಕಣಿಕೋಟೆಯ ಕಡೆ ಹೊರಟರೂ ಕಣ್ಣಿಗೆ ಬೀಳುವುದು ರಾಗಿ ಹೊಲ, ಎಲೆಕೋಸು, ಟೊಮೆಟೊ, ಅದರಾಚೆ ಆನೆ ಕಾಡು. ಬನ್ನೇರುಘಟ್ಟದ ಕಡೆಯಿಂದ ಹೊರಡುವ ಆನೆ ಹಿಂಡುಗಳು ರಾಗಿ ತೆನೆಗಟ್ಟುವ ಹೊತ್ತಿಗೆ ಸರಿಯಾಗಿ ಇಲ್ಲಿಗೆ ಬಂದಿಳಿಯುತ್ತವೆ, ರೈತರು ರಾತ್ರಿಯೆಲ್ಲ ಕಾವಲು ಕೂರುತ್ತಾರೆ. ಹಡಗು, ಬಂದರು, ಕಸ್ಟಮ್ಸ್ ಎಂಬ ಮಾತುಗಳಿಗೆ ಇಂಥ ಕಡೆ ಏನು ಕೆಲಸ ಎಂದು ಯಾರಿಗಾದರೂ ಅನ್ನಿಸೀತು. ಆದರೆ ಈ ಹೊಲಗಳಿಗೆ ಬೀಳುವ ಪೊಟ್ಯಾಶ್ ಗೊಬ್ಬರ ಹಡಗು ಹತ್ತದೆ ಬಂದದ್ದಲ್ಲ. ಭಾರತದಲ್ಲಿ ಪೊಟ್ಯಾಶ್ ತೆಗೆಯುವ ಗಣಿಗಳಿಲ್ಲ. ಕೆನಡಾ, ರಷ್ಯಾ, ಬೆಲಾರಸ್, ಇಸ್ರೇಲ್, ಜೋರ್ಡಾನ್ ಮುಂತಾದ ದೇಶಗಳಿಂದ ತರಿಸಿಕೊಳ್ಳಬೇಕು. ಅಂಗಡಿಯಲ್ಲಿ ಅದು 50 ಕಿಲೋ ಮೂಟೆ. ಹಡಗಿನಲ್ಲಿದ್ದಾಗ ಮೂಟೆಯೂ ಇಲ್ಲ, ಚೀಟಿಯೂ ಇಲ್ಲ, ಸಾವಿರಾರು ಟನ್ನಿನ ಒಂದೇ ರಾಶಿ. ಆ ರಾಶಿ ನಮ್ಮ ನೆಲಕ್ಕೆ ಇಳಿಯುವ ಕೆಲವೇ ದಿನಗಳಲ್ಲಿ ಏನೇನು ನಡೆಯಬೇಕು, ಯಾರು ಅಳೆಯಬೇಕು, ಯಾವ ಅಳತೆಯ ಮೇಲೆ ಸುಂಕ ಕಟ್ಟಬೇಕು ಎಂಬುದನ್ನು ಕಾನೂನು ಬಿಗಿಯಾಗಿ ಹೇಳಿದೆ. ಆ ಕಾನೂನಿನಲ್ಲಿ ಬಹುಕಾಲ ಉಳಿದಿದ್ದ ಒಂದು ಗಂಟು ಬಿಚ್ಚಿಕೊಂಡದ್ದು ಮಂಗಳೂರಿನ ಒಂದು ಮೊಕದ್ದಮೆಯಿಂದ.

ಕಂಟೇನರಿನಲ್ಲಿ ಬರುವ ಸರಕಿಗೆ ಈ ತಾಪತ್ರಯ ಕಡಿಮೆ. ಪೆಟ್ಟಿಗೆಗೆ ನಂಬರು ಇರುತ್ತದೆ, ಬಾಗಿಲಿಗೆ ಸೀಲು ಇರುತ್ತದೆ. ಬಂದರಿನಲ್ಲಿ ಅದನ್ನು ತೆರೆಯಲೇಬೇಕೆಂದಿಲ್ಲ. ದೇಶದ ಮೊದಲ ಒಳನಾಡು ಕಂಟೇನರ್ ಡಿಪೊ 1981ರಲ್ಲಿ ಬೆಂಗಳೂರಿನಲ್ಲೇ ಶುರುವಾಯಿತು. ಈಗ ವೈಟ್‌ಫೀಲ್ಡ್‌ನಲ್ಲಿರುವ ಡಿಪೊಗೆ ಪೆಟ್ಟಿಗೆ ಸೀಲು ಒಡೆಯದೆ ರೈಲಿನಲ್ಲಿ ಬಂದು, ಅಲ್ಲೇ ಸುಂಕ ಕಟ್ಟಿಸಿಕೊಂಡು ಹೊರಬೀಳಬಹುದು. ಕಲ್ಲಿದ್ದಲು, ಗೊಬ್ಬರ, ಗೋಧಿ, ಕಚ್ಚಾ ತೈಲ, ತಾಳೆ ಎಣ್ಣೆಯಂಥವಕ್ಕೆ ಈ ದಾರಿ ಇಲ್ಲ. ಇವನ್ನು ಎಣಿಸಲು ಬರುವುದಿಲ್ಲ, ಸೀಲು ಹಾಕಿ ಮುಂದೆ ಕಳಿಸಲೂ ಬರುವುದಿಲ್ಲ. ಹಡಗಿನ ಹಗೇವಿನಂಥ ಹೋಲ್ಡ್‌ಗಳಿಂದ ಸರಕು ಮೇಲೆದ್ದು ದಕ್ಕೆಗೆ ಬೀಳುವ ಆ ಹೊತ್ತೇ ಅದರ ಲೆಕ್ಕ ಹಿಡಿಯಲು ಸಿಗುವ ಒಂದೇ ಅವಕಾಶ. ಆ ಹೊತ್ತು ದಾಟಿದರೆ ರಾಶಿ ಲಾರಿ, ವ್ಯಾಗನ್, ಗೋದಾಮು ಎಂದು ನೂರು ಕಡೆ ಚದುರಿ ಹೋಗುತ್ತದೆ, ಮತ್ತೆ ಕೂಡಿಸಿ ತೂಗುವುದು ಯಾರ ಕೈಯಲ್ಲೂ ಆಗದ ಮಾತು.

ಬ್ರಿಟಿಷರ ಕಾಲದಲ್ಲಿ 1878ರ ಸಮುದ್ರ ಸುಂಕ ಕಾಯ್ದೆ ಇತ್ತು. ಅದರ ಜಾಗಕ್ಕೆ ಬಂದ 1962ರ ಕಸ್ಟಮ್ಸ್ ಕಾಯ್ದೆ 1963ರ ಫೆಬ್ರುವರಿ 1ರಂದು ಜಾರಿಯಾಯಿತು. ಹಡಗು ಬರುವುದು, ಸರಕು ಇಳಿಸುವುದು ಇವೆಲ್ಲ ಅದರ 29ರಿಂದ 38ರವರೆಗಿನ ಕಲಮುಗಳಲ್ಲಿ ಇವೆ. ಓದಿದರೆ ಒಂದು ಹಡಗು ಹೆಜ್ಜೆ ಹೆಜ್ಜೆಯಾಗಿ ಒಳಬರುವುದನ್ನು ನೋಡಿದ ಹಾಗಿರುತ್ತದೆ. ಹೊರದೇಶದಿಂದ ಬರುವ ಹಡಗು ಕಸ್ಟಮ್ಸ್ ಬಂದರೆಂದು ಘೋಷಿಸಿದ ಜಾಗಕ್ಕೇ ಬರಬೇಕು. ಬರುವ ಮೊದಲೇ ತನ್ನೊಳಗೆ ಏನೇನಿದೆ, ಎಷ್ಟೆಷ್ಟಿದೆ, ಯಾರ ಹೆಸರಿಗೆ ಬಂದಿದೆ ಎಂಬ ಮ್ಯಾನಿಫೆಸ್ಟನ್ನು ಕಂಪ್ಯೂಟರ್ ಮೂಲಕ ಸಲ್ಲಿಸಬೇಕು. ಸ್ಟೀಮರ್ ಏಜೆಂಟರು ಇದನ್ನು ಇಂದಿಗೂ ಐಜಿಎಂ (ಇಂಪೋರ್ಟ್ ಜನರಲ್ ಮ್ಯಾನಿಫೆಸ್ಟ್) ಎಂದೇ ಕರೆಯುತ್ತಾರೆ. ಅದನ್ನು ನೋಡಿ ಅಧಿಕಾರಿ ಒಳಪ್ರವೇಶದ ಅಪ್ಪಣೆ ಕೊಡುವವರೆಗೆ ಸರಕು ಇಳಿಸುವಂತಿಲ್ಲ. ಪ್ರಯಾಣಿಕರ ಲಗೇಜು, ಟಪಾಲು ಚೀಲ, ಪ್ರಾಣಿಗಳು, ಬೇಗ ಕೆಡುವ ಪದಾರ್ಥ, ಅಪಾಯದ ಪದಾರ್ಥ ಇವಿಷ್ಟಕ್ಕೆ ವಿನಾಯಿತಿ. ಪಟ್ಟಿಯಲ್ಲಿ ಹೆಸರಿಲ್ಲದ ಸರಕನ್ನು ಪರವಾನಗಿ ಇಲ್ಲದೆ ಇಳಿಸಕೂಡದು. ಇಳಿಸುವುದೂ ಮಂಜೂರಾದ ಜಾಗದಲ್ಲಿ, ಅಧಿಕಾರಿಯ ಮೇಲ್ವಿಚಾರಣೆಯಲ್ಲಿ. ಇವುಗಳಲ್ಲಿ ಹಲವನ್ನು ಮೀರಿದರೆ ಸರಕನ್ನೇ ಮುಟ್ಟುಗೋಲು ಹಾಕುವ ಅಧಿಕಾರ ಸರ್ಕಾರಕ್ಕಿದೆ. ಭಾನುವಾರ, ರಜಾದಿನ, ಕಚೇರಿ ವೇಳೆಯ ಆಚೆ ಇಳಿಸಬೇಕೆಂದರೆ ಮೊದಲೇ ನೋಟಿಸು ಕೊಟ್ಟು ಶುಲ್ಕ ಕಟ್ಟಬೇಕೆಂದು ಕಾಯ್ದೆ ಹೇಳುತ್ತದೆ. ನವಮಂಗಳೂರು ಸೇರಿದಂತೆ ಹಲವು ಬಂದರುಗಳಲ್ಲಿ ಈಗ ಕಸ್ಟಮ್ಸ್ ಕೆಲಸ ಹಗಲಿರುಳೂ ನಡೆಯುವ ಏರ್ಪಾಡಿದೆ.

ಈ ಕಲಮುಗಳ ನಡುವೆ ಬೋಟ್ ನೋಟ್ ಎಂಬುದೊಂದಿದೆ. ಹಡಗು ದಕ್ಕೆಗೆ ತಾಗದೆ ದೂರದ ನೀರಿನಲ್ಲೇ ಲಂಗರು ಹಾಕಿದರೆ ಸರಕು ಸಣ್ಣ ದೋಣಿಗಳಲ್ಲಿ ದಡ ಸೇರಬೇಕು. ಆ ನಡುದಾರಿಯಲ್ಲಿ ಪ್ರತಿ ದೋಣಿಯ ಜೊತೆಗೂ ಅದರಲ್ಲೇನಿದೆ ಎಂಬ ಚೀಟಿ ಇರಬೇಕೆಂಬುದೇ ಅದರ ತಾತ್ಪರ್ಯ. ಮಂಗಳೂರಿನ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪಣಂಬೂರಿನಲ್ಲಿ ಹೊಸ ಬಂದರು ಆಗುವ ಮೊದಲು ದೊಡ್ಡ ಹಡಗುಗಳು ನೇತ್ರಾವತಿ, ಗುರುಪುರ ನದಿಗಳ ಅಳಿವೆಯ ಹೊರಗೆ ನಿಲ್ಲುತ್ತಿದ್ದವು. ಹೆಂಚು, ಕಾಫಿ, ಗೋಡಂಬಿ ಎಲ್ಲ ಬಂದರಿನಿಂದ ದೋಣಿಗಳಲ್ಲಿ ಹೋಗಿಯೇ ಹಡಗು ಸೇರಬೇಕಿತ್ತು. ಮಳೆಗಾಲ ಬಂತೆಂದರೆ ಆ ಕೆಲಸವೂ ನಿಂತುಹೋಗುತ್ತಿತ್ತು. ನವಮಂಗಳೂರು ಬಂದರನ್ನು 1974ರ ಮೇ 4ರಂದು ದೇಶದ ಒಂಬತ್ತನೇ ಪ್ರಮುಖ ಬಂದರೆಂದು ಘೋಷಿಸಿದರು, ಮರುವರ್ಷ ಜನವರಿಯಲ್ಲಿ ಇಂದಿರಾ ಗಾಂಧಿ ಉದ್ಘಾಟಿಸಿದರು. ಒಳನಾಡನ್ನು ಅಗೆದು ಮಾಡಿದ ಕೊಳದಂಥ ಆ ಬಂದರಿನೊಳಕ್ಕೆ ಹಡಗು ನೇರವಾಗಿ ಬಂದು ದಕ್ಕೆಗೆ ನಿಲ್ಲತೊಡಗಿದ ಮೇಲೆ, ಕುದುರೆಮುಖದ ಅದಿರು, ರಸಗೊಬ್ಬರ, ಕಚ್ಚಾ ತೈಲ, ಉಡುಪಿ ವಿದ್ಯುತ್ ಸ್ಥಾವರದ ಕಲ್ಲಿದ್ದಲು ಎಲ್ಲಕ್ಕೂ ದಾರಿಯಾಯಿತು.

ಹಡಗು ದಕ್ಕೆಗೆ ಕಟ್ಟಿದ ಮೇಲೆ ಮೊದಲು ಆಗುವ ಕೆಲಸ ಡ್ರಾಫ್ಟ್ ಸರ್ವೆ. ಹೊರಗಿನವರು ಇದನ್ನು ಗಮನಿಸುವುದೇ ಇಲ್ಲ, ನನಗಂತೂ ಇಡೀ ವ್ಯವಹಾರದಲ್ಲಿ ಇದಕ್ಕಿಂತ ಸೊಗಸಾದ ಕೆಲಸ ಇನ್ನೊಂದಿಲ್ಲ. ಹಡಗಿನ ಮೈಮೇಲೆ ಮುಂದೆ, ನಡುವೆ, ಹಿಂದೆ, ಎರಡೂ ಬದಿಗೆ, ಒಟ್ಟು ಆರು ಕಡೆ ಅಂಕಿಗಳನ್ನು ಬರೆದಿರುತ್ತಾರೆ. ಸರ್ವೇಯರ್ ಸಣ್ಣ ದೋಣಿಯಲ್ಲಿ ಸುತ್ತು ಹಾಕಿ ನೀರು ಯಾವ ಅಂಕಿಯ ಮಟ್ಟಕ್ಕಿದೆ ಎಂದು ಓದುತ್ತಾನೆ. ಅಲೆ ಒಂದು ಸಲ ಮೇಲೆ ಬರುತ್ತದೆ, ಒಂದು ಸಲ ಇಳಿಯುತ್ತದೆ. ಅವನು ಕಾದು, ಎರಡರ ನಡುವಿನ ಮಟ್ಟವನ್ನು ಅಂದಾಜು ಮಾಡಬೇಕು. ಆಮೇಲೆ ಕಡಲಿನ ನೀರನ್ನು ಪಾತ್ರೆಗೆ ತುಂಬಿ ಹೈಡ್ರೋಮೀಟರ್ ಬಿಟ್ಟು ಸಾಂದ್ರತೆ ನೋಡುತ್ತಾನೆ, ಯಾಕೆಂದರೆ ಉಪ್ಪುನೀರಿನಲ್ಲಿ ಹಡಗು ಮೇಲೆ ತೇಲುತ್ತದೆ, ಸಿಹಿನೀರು ಬೆರೆತಲ್ಲಿ ಇನ್ನೊಂದಿಷ್ಟು ಮುಳುಗುತ್ತದೆ. ಹಡಗು ಎಷ್ಟು ಮುಳುಗಿದೆಯೋ ಅಷ್ಟು ನೀರಿನ ತೂಕವೇ ಹಡಗಿನ ಒಟ್ಟು ತೂಕ. ಅದರಿಂದ ಹಡಗಿನ ಸ್ವಂತ ತೂಕ, ಇಂಧನ, ಕುಡಿಯುವ ನೀರು, ಸಮತೋಲಕ್ಕೆ ತುಂಬಿದ ನೀರು ಎಲ್ಲ ಕಳೆದರೆ ಉಳಿಯುವುದು ಸರಕು. ಎಲ್ಲ ಇಳಿದ ಮೇಲೆ ಮತ್ತೊಮ್ಮೆ ಇದೇ ಲೆಕ್ಕ ಮಾಡಿ, ಎರಡರ ನಡುವಿನ ವ್ಯತ್ಯಾಸವನ್ನು ಇಳಿದ ಸರಕು ಎಂದು ಹಿಡಿಯುತ್ತಾರೆ.

50,000 ಟನ್ ಹೊರುವ ಹಡಗನ್ನು ತಕ್ಕಡಿಗೆ ಹಾಕಲು ಸಾಧ್ಯವಿಲ್ಲ, ನೀರೇ ತಕ್ಕಡಿಯಾಗುತ್ತದೆ. ಆದರೆ ಅಂಥ ಹಡಗಿನಲ್ಲಿ ನೀರಿನ ಮಟ್ಟ ಒಂದು ಸೆಂಟಿಮೀಟರ್ ಹೆಚ್ಚುಕಡಿಮೆ ಆದರೆ 50 ಟನ್‌ಗೂ ಮಿಕ್ಕಿ ಸರಕಿನ ವ್ಯತ್ಯಾಸ ಬರುತ್ತದೆ. 50 ಟನ್ ಎಂದರೆ 1,000 ಮೂಟೆ ಪೊಟ್ಯಾಶ್. ಕೈಪಳಗಿದ ಸರ್ವೇಯರ್ ಮಾಡಿದರೂ ಅರ್ಧ ಪ್ರತಿಶತದಷ್ಟು ಆಚೀಚೆ ಆಗುವುದನ್ನು ಈ ವೃತ್ತಿಯವರು ಸಹಜವೆಂದೇ ಒಪ್ಪುತ್ತಾರೆ. 50,000 ಟನ್ನಿನಲ್ಲಿ ಅದು 250 ಟನ್, ಅಂದರೆ 5,000 ಮೂಟೆ. ಇಷ್ಟು ದೊಡ್ಡ ಮೊತ್ತ ಒಬ್ಬ ಮನುಷ್ಯ ಅಲೆಗಳ ನಡುವೆ ಕಣ್ಣಿಟ್ಟು ಓದಿದ ಅಂಕಿಯ ಮೇಲೆ ನಿಂತಿದೆ.

ನಮ್ಮ ಕಡೆ ಕಣದಲ್ಲಿ ರಾಗಿ ರಾಶಿ ಮಾಡಿ, ಪೂಜೆ ಮಾಡಿ, ಕೊಳಗದಲ್ಲಿ ಅಳೆದು ಮನೆಗೆ ತುಂಬಿದ ಮೇಲೆ, ಅದೇ ರಾಗಿ ಆರಿ ಒಣಗಿ ಮತ್ತೆ ಅಳೆದಾಗ ಅಷ್ಟೇ ಇರುವುದಿಲ್ಲ. ಹಾಗೆಂದು ಯಾರೂ ಕಳ್ಳತನ ಆಯಿತೆಂದು ಕೂಗುವುದಿಲ್ಲ. ಹಡಗಿನ ಸರಕೂ ಹಾಗೇ. ಕಲ್ಲಿದ್ದಲಿನ ತೇವ ಆರುತ್ತದೆ ಇಲ್ಲವೇ ಮಳೆ ನೀರು ಕುಡಿದು ತೂಕ ಏರುತ್ತದೆ, ಕಚ್ಚಾ ತೈಲ ಆವಿಯಾಗುತ್ತದೆ, ಒಂದಿಷ್ಟು ಟ್ಯಾಂಕಿನ ಗೋಡೆಗೆ ಅಂಟಿ ಉಳಿಯುತ್ತದೆ, ಒಂದಿಷ್ಟು ಕೆಸರಾಗಿ ತಳ ಸೇರುತ್ತದೆ. ಇನ್ನೊಂದು ಕಡೆ ನಿಜವಾದ ಕಳವೂ ಇದ್ದೇ ಇದೆ. ಮ್ಯಾನಿಫೆಸ್ಟಿನಲ್ಲಿ ತೋರಿಸಿದ ಸರಕು ಇಳಿಯದೆ, ಕೊರತೆಗೆ ಸರಿಯಾದ ಕಾರಣವನ್ನೂ ಕೊಡದಿದ್ದರೆ ಆ ಸರಕಿನ ಮೇಲೆ ಬರಬೇಕಿದ್ದ ಸುಂಕದ ಎರಡು ಪಟ್ಟಿನವರೆಗೆ ಹಡಗಿನವರಿಗೆ ದಂಡ ಹಾಕಬಹುದೆಂದು ಕಾಯ್ದೆಯ 116ನೇ ಕಲಮು ಹೇಳುವುದು ಇದಕ್ಕೇ. ಸಹಜ ಕೊರತೆ ಯಾವುದು, ಕೈಚಳಕ ಯಾವುದು ಎಂದು ಬೇರ್ಪಡಿಸುವುದರಲ್ಲೇ ಕಸ್ಟಮ್ಸ್ ಅಧಿಕಾರಿಯ ಜಾಣ್ಮೆಯೂ ಪ್ರಾಮಾಣಿಕತೆಯೂ ಇದೆ.

ಕಳವಿಲ್ಲದೆ, ದಾರಿಯಲ್ಲೇ ಸಹಜವಾಗಿ ಕಡಿಮೆಯಾದ ಸರಕಿಗೂ ಸುಂಕ ಕೊಡಬೇಕೇ? ಮಂಗಳೂರು ರಿಫೈನರಿ ಅಂಡ್ ಪೆಟ್ರೋಕೆಮಿಕಲ್ಸ್, ಅಂದರೆ ನಾವೆಲ್ಲ ಎಂಆರ್‌ಪಿಎಲ್ ಎನ್ನುವ ಸಂಸ್ಥೆ, ಇದೇ ಪ್ರಶ್ನೆ ಹಿಡಿದು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಕಚ್ಚಾ ತೈಲ ಹಡಗು ಹತ್ತಿದಾಗ ಬಿಲ್ ಆಫ್ ಲೇಡಿಂಗ್‌ನಲ್ಲಿ ಬರೆದ ಪ್ರಮಾಣ ಒಂದು, ಮಂಗಳೂರಿನ ದಡದ ಟ್ಯಾಂಕಿಗೆ ಬಿದ್ದದ್ದು ಅದಕ್ಕಿಂತ ತುಸು ಕಡಿಮೆ. ಈ ನಡುವಿನ ಕೊರತೆಯನ್ನು ವ್ಯಾಪಾರದವರು ಓಷನ್ ಲಾಸ್ ಎನ್ನುತ್ತಾರೆ. ಕೊಳ್ಳುವವರು ದುಡ್ಡು ಕೊಟ್ಟದ್ದು ಬಿಲ್ಲಿನಲ್ಲಿರುವ ಪೂರ್ತಿ ಪ್ರಮಾಣಕ್ಕೆ, ಸುಂಕವೂ ಬೆಲೆಯ ಮೇಲೆ ಪ್ರತಿಶತದ ಲೆಕ್ಕದಲ್ಲಿದೆ, ಆದ್ದರಿಂದ ಪೂರ್ತಿ ಬೆಲೆಯ ಮೇಲೇ ಸುಂಕ ಬರಬೇಕು ಎಂಬುದು ಇಲಾಖೆಯ ವಾದ. ಮೇಲ್ಮನವಿ ನ್ಯಾಯಮಂಡಳಿಯೂ ಅದನ್ನೇ ಒಪ್ಪಿತ್ತು. 2015ರ ಸೆಪ್ಟೆಂಬರ್‌ನಲ್ಲಿ ನ್ಯಾಯಮೂರ್ತಿ ಎ.ಕೆ. ಸಿಕ್ರಿ ಮತ್ತು ರೋಹಿಂಟನ್ ನಾರಿಮನ್ ಅವರ ಪೀಠ ಇದನ್ನು ತಳ್ಳಿಹಾಕಿತು. ಸುಂಕ ಇರುವುದು ಭಾರತಕ್ಕೆ ತಂದ ಸರಕಿನ ಮೇಲೆ. ತರದೇ ಹೋದ ಸರಕಿಗೆ ಆಮದು ಎಂಬುದೇ ಆಗಿಲ್ಲ, ಆಮದು ಆಗದ ಮೇಲೆ ಸುಂಕ ಹುಟ್ಟುವುದೇ ಇಲ್ಲ. ಬೆಲೆಯ ಮೇಲೆ ಪ್ರತಿಶತ ಹಾಕಲಿ, ಟನ್ನಿಗಿಷ್ಟು ಎಂದು ಹಾಕಲಿ, ಅದು ಸುಂಕವನ್ನು ಅಳೆಯುವ ಬಗೆಯೇ ಹೊರತು ಸುಂಕದ ಬುಡವನ್ನು ಬದಲಾಯಿಸಲಾರದು. ಕಾಯ್ದೆಯೊಳಗೇ ಇದಕ್ಕೆ ಆಧಾರವಿತ್ತು: ಬಿಡುಗಡೆಯ ಆದೇಶಕ್ಕೆ ಮುಂಚೆ ಕಳವಾದ ಸರಕಿಗೆ ಆಮದುದಾರ ಸುಂಕ ಕೊಡಬೇಕಿಲ್ಲ ಎಂದು 13ನೇ ಕಲಮು, ನಷ್ಟವಾದ ಸರಕಿನ ಸುಂಕ ಮನ್ನಾ ಮಾಡಬೇಕು ಎಂದು 23ನೇ ಕಲಮು ಮೊದಲಿನಿಂದ ಹೇಳುತ್ತಲೇ ಬಂದಿದ್ದವು. ದಡದ ಟ್ಯಾಂಕಿಗೆ ಎಷ್ಟು ಬಿತ್ತೋ ಅಷ್ಟಕ್ಕೇ ಸುಂಕ ಎಂದು ತೀರ್ಪಾಯಿತು.

ಅದೇ ವರ್ಷದ ಏಪ್ರಿಲ್‌ನಲ್ಲಿ ಅದೇ ಇಬ್ಬರು ನ್ಯಾಯಮೂರ್ತಿಗಳು ಬೆಂಗಳೂರಿನ ವಿಪ್ರೊ ಸಂಸ್ಥೆಯ ಮೊಕದ್ದಮೆಯನ್ನೂ ತೀರ್ಮಾನಿಸಿದ್ದರು. ಅದು ನೇರವಾಗಿ ಸರಕು ಇಳಿಸುವ ಕೂಲಿಯ ಪ್ರಶ್ನೆ. ಬಂದರಿನಲ್ಲಿ ಇಳಿಸಲು, ಸಾಗಿಸಲು ನಿಜವಾಗಿ ಎಷ್ಟೇ ಖರ್ಚಾಗಿರಲಿ, ಸಾಗಣೆ, ವಿಮೆ ಸೇರಿದ ಬೆಲೆಯ 1 ಪ್ರತಿಶತವನ್ನು ಇಳಿಸುವ ಖರ್ಚೆಂದು ಕೂಡಿಸಿ ಅದರ ಮೇಲೂ ಸುಂಕ ಹಾಕುವ ನಿಯಮ 1990ರಿಂದ ಇತ್ತು. ಬೆಲೆಬಾಳುವ ಸಣ್ಣ ಯಂತ್ರವೊಂದನ್ನು ಇಳಿಸಲು ಕೆಲವೇ ರೂಪಾಯಿ ಖರ್ಚಾದರೂ ಲೆಕ್ಕದಲ್ಲಿ ಸಾವಿರಗಟ್ಟಲೆ ಕೂಡುತ್ತಿತ್ತು. ನಿಜವಾದ ಖರ್ಚು ಗೊತ್ತಿರುವಾಗ ಊಹೆಯ ಖರ್ಚನ್ನು ಕಟ್ಟುವುದು ಕಾಯ್ದೆಯ ಮೂಲ ಉದ್ದೇಶಕ್ಕೇ ವಿರುದ್ಧ ಎಂದು ಕೋರ್ಟು ಹೇಳಿತು. ಎರಡು ವರ್ಷಗಳ ಮೇಲೆ, 2017ರ ಸೆಪ್ಟೆಂಬರ್‌ನಲ್ಲಿ, ಸರ್ಕಾರ ನಿಯಮವನ್ನೇ ತಿದ್ದಿ ಆಮದಾದ ಜಾಗದಲ್ಲಿ ಇಳಿಸುವ ಖರ್ಚನ್ನು ಬೆಲೆಗೆ ಸೇರಿಸುವ ಪದ್ಧತಿಯನ್ನು ಕೈಬಿಟ್ಟಿತು. ಈ ಎರಡೂ ತೀರ್ಪುಗಳನ್ನು ಒಟ್ಟಿಗೆ ಓದಬೇಕು. ಊಹೆಗೆ ಸುಂಕವಿಲ್ಲ, ಆದದ್ದಕ್ಕೆ ಮಾತ್ರ ಸುಂಕ ಎಂಬ ನ್ಯಾಯ ಎರಡರಲ್ಲೂ ಇದೆ. ತೆರಿಗೆ ಕೊಡುವವನ ಮೇಲೆ ಆಡಳಿತ ತೋರಬೇಕಾದ ಕನಿಷ್ಠ ಮರ್ಯಾದೆ ಇದು ಎಂದು ನಾನು ನಂಬುತ್ತೇನೆ.

ಎಂಆರ್‌ಪಿಎಲ್ ತೀರ್ಪಿನ ಮರುವರ್ಷ, 2016ರ ಜುಲೈನಲ್ಲಿ, ಕೇಂದ್ರ ಸುಂಕ ಮಂಡಳಿ ಸುತ್ತೋಲೆ ಹೊರಡಿಸಿತು. ದ್ರವ ಸರಕನ್ನು ದಡದ ಟ್ಯಾಂಕಿಗೆ ಇಳಿಸಿದರೆ ಟ್ಯಾಂಕಿನಲ್ಲಿ ಡಿಪ್ ಹಾಕಿ ಅಳೆದ ಪ್ರಮಾಣವೇ ಸುಂಕಕ್ಕೆ ಆಧಾರ. ಟ್ಯಾಂಕಿಗೆ ಹೋಗದೆ ನೇರವಾಗಿ ಹೊರಗೆ ಸಾಗಿದರೆ ಮಾತ್ರ ಹಡಗಿನಲ್ಲಿ ತೆಗೆದ ಅಳತೆ. ಇದು ಕಚ್ಚಾ ತೈಲಕ್ಕಷ್ಟೇ ನಿಲ್ಲಲಿಲ್ಲ. ತಾಳೆ ಎಣ್ಣೆಯಂಥ ಖಾದ್ಯ ತೈಲಕ್ಕೆ ಸರ್ಕಾರವೇ ಸುಂಕದ ಮಟ್ಟಿಗೆ ಒಂದು ದರ ಗೊತ್ತುಮಾಡಿ ಆಗಾಗ ಪ್ರಕಟಿಸುತ್ತದೆ. ಅಂಥ ಸರಕಿಗೂ ಇದೇ ನಿಯಮ. ಬೀದಿ ಬದಿಯ ಬೋಂಡದ ಬಾಣಲಿಗೆ ಬೀಳುವ ಎಣ್ಣೆಯಲ್ಲೂ ಹೀಗೆ ಯಾವುದೋ ಬಂದರಿನ ಟ್ಯಾಂಕಿನಲ್ಲಿ ಅಳತೆಗೋಲು ಇಳಿಬಿಟ್ಟು ಹಿಡಿದ ಲೆಕ್ಕ ಇದೆ.

ದ್ರವಕ್ಕೆ ಹೀಗೆ ಇತ್ಯರ್ಥವಾಯಿತು. ಒಣ ಸರಕಿನ ಪಾಡು ಇದಕ್ಕಿಂತ ಕಷ್ಟ. ಟ್ಯಾಂಕು ಮುಚ್ಚಿರುತ್ತದೆ; ಗೊಬ್ಬರದ ಹೋಲ್ಡ್ ಬಾಯಿ ತೆರೆದುಕೊಂಡಿರುತ್ತದೆ. ಕ್ರೇನಿನ ಗ್ರ್ಯಾಬ್ ಬಾಯಿ ತೆರೆದು ರಾಶಿಗೆ ಕಚ್ಚಿ, ಮೇಲೆದ್ದು, ದಕ್ಕೆಯ ಹಾಪರಿನ ಮೇಲೆ ಬಿಚ್ಚಿಕೊಂಡಾಗ ಒಂದಿಷ್ಟು ಪುಡಿ ಗಾಳಿಗೆ ಹೋಗುತ್ತದೆ, ಒಂದಿಷ್ಟು ಹಡಗು ಮತ್ತು ದಕ್ಕೆಯ ನಡುವೆ ಉದುರುತ್ತದೆ. ಕೊನೆಗೆ ಗ್ರ್ಯಾಬಿಗೆ ಸಿಗದ್ದನ್ನು ಕೂಲಿಗಳು ಹೋಲ್ಡಿನೊಳಕ್ಕೆ ಇಳಿದು ಗುಡಿಸಿ ಒಟ್ಟಬೇಕು. ಪೊಟ್ಯಾಶ್ ನೀರು ಕಂಡರೆ ಗಟ್ಟಿಕಟ್ಟುವ ಪದಾರ್ಥ. ಪಣಂಬೂರಿನ ಮಳೆಗಾಲ ಗೊತ್ತಿದ್ದವರಿಗೆ ಇದರ ಅರ್ಥ ತಿಳಿಯುತ್ತದೆ: ಮೋಡ ಕಪ್ಪಾದ ತಕ್ಷಣ ಗ್ರ್ಯಾಬ್ ನಿಲ್ಲಬೇಕು, ಹ್ಯಾಚ್ ಮುಚ್ಚಬೇಕು, ದಕ್ಕೆಯ ಲಾರಿಗಳಿಗೆ ಟಾರ್ಪಾಲು ಎಳೆಯಬೇಕು. ಮಳೆ ನಿಂತು ಒಣಗಿದ ಮೇಲೆ ಮತ್ತೆ ಶುರು. ಒಪ್ಪಂದದ ಅವಧಿ ಮೀರಿ ಹಡಗು ನಿಂತರೆ ದಿನಕ್ಕಿಷ್ಟು ಎಂದು ಡೆಮರೇಜ್ ಬೀಳುತ್ತದೆ. ಮಳೆಯ ದಿನಗಳನ್ನು ಬಿಟ್ಟು ಲೆಕ್ಕ ಮಾಡಬೇಕೋ ಸೇರಿಸಿ ಮಾಡಬೇಕೋ ಎಂಬುದು ಹಡಗಿನ ಬಾಡಿಗೆ ಕರಾರಿನಲ್ಲಿ ಬರೆದಂತೆ. ಆ ಅವಸರದಲ್ಲೂ ಅಳತೆ ತಪ್ಪಬಾರದು, ಮೇಲ್ವಿಚಾರಣೆ ಬಿಡಬಾರದು. ಇನ್ನು ಇಳಿಸುವ ಜಾಗ ಯಾವುದಿರಬೇಕು ಎಂಬುದನ್ನು ಸುಂಕದವರೊಬ್ಬರೇ ನಿರ್ಧರಿಸುವ ಕಾಲವೂ ಹೋಯಿತು. ಚೆನ್ನೈ ಬಂದರಿನ ಕಲ್ಲಿದ್ದಲು, ಕಬ್ಬಿಣದ ಅದಿರಿನ ದೂಳು ಸುತ್ತಲಿನ ಮನೆಗಳನ್ನು ಹೊಕ್ಕಾಗ ಮದ್ರಾಸ್ ಹೈಕೋರ್ಟ್ ಮಧ್ಯೆ ಬಂತು. 2011ರ ಅಕ್ಟೋಬರ್‌ನಿಂದ ಅಲ್ಲಿ ಆ ಸರಕುಗಳ ಕೆಲಸ ನಿಂತು ಎಣ್ಣೂರಿನ ಕಡೆಗೆ ಸರಿಯಿತು.

ಇಳಿದ ಮೇಲೆ ಸರಕು ಆಮದುದಾರನ ಕೈಗೆ ಕೂಡಲೇ ಹೋಗುವುದಿಲ್ಲ. ಸುಂಕ ತೀರಿ ಬಿಡುಗಡೆಯ ಆದೇಶ ಆಗುವವರೆಗೆ ಕಸ್ಟಮ್ಸ್ ಒಪ್ಪಿದ ಪಾಲಕನ ವಶದಲ್ಲಿರುತ್ತದೆ. ಸಾಮಾನ್ಯವಾಗಿ ಬಂದರು ಸಂಸ್ಥೆಯೇ ಆ ಪಾಲಕ. ಆ ಅವಧಿಯಲ್ಲಿ ಕಳವಾದರೆ ಪಾಲಕನೇ ಸುಂಕ ತೆರಬೇಕೆಂದು 45ನೇ ಕಲಮು ಹೇಳುತ್ತದೆ. ಬಹಳ ತೂಕದ ಮಾತು ಇದು. ಕಾವಲಿನವನು ಕಾಯದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಕರ್ನಾಟಕದಲ್ಲೇ ನೋವಿನ ಉದಾಹರಣೆ ಇದೆ. ಅದು ಇಳಿಸಿದ ಸರಕಿನದಲ್ಲ, ಹಡಗಿಗೆ ತುಂಬಿದ ಸರಕಿನದು. ಅಂಕೋಲಾ ತಾಲ್ಲೂಕಿನ ಬೇಲೇಕೇರಿ ಬಂದರಿನಲ್ಲಿ 2010ರ ಮಾರ್ಚ್‌ನಲ್ಲಿ ಅರಣ್ಯ ಇಲಾಖೆ ಸುಮಾರು 8 ಲಕ್ಷ ಟನ್ ಕಬ್ಬಿಣದ ಅದಿರನ್ನು ವಶಪಡಿಸಿಕೊಂಡಿತು. ಕೆಲವೇ ವಾರಗಳಲ್ಲಿ ಅದರಲ್ಲಿ ಲಕ್ಷಾಂತರ ಟನ್ ಹಡಗು ಹತ್ತಿ ಹೋಗಿತ್ತು. ಆ ಅದಿರನ್ನು ಹಿಡಿದ ಅಧಿಕಾರಿಯ ಅಮಾನತಿಗೆ ಸರ್ಕಾರ ಮುಂದಾದಾಗ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಜೂನ್‌ನಲ್ಲಿ ರಾಜೀನಾಮೆ ಕೊಟ್ಟರು, ಆಮೇಲೆ ಹಿಂತೆಗೆದುಕೊಂಡರು, 2011ರ ಜುಲೈನಲ್ಲಿ ತಮ್ಮ ವರದಿ ಸಲ್ಲಿಸಿದರು. ಕಾನೂನು ಪುಸ್ತಕದಲ್ಲಿ ಹಡಗಿಗೆ ತುಂಬಲೂ ಅಪ್ಪಣೆ ಬೇಕು, ಪಟ್ಟಿ ಬೇಕು, ಹಡಗು ಹೊರಡಲು ಲಿಖಿತ ಆದೇಶ ಬೇಕು. ಎಲ್ಲವೂ ಇತ್ತು. ಬೆಟ್ಟದಂಥ ರಾಶಿ ಕಣ್ಣೆದುರೇ ಕರಗಿತು. ಪೆಟ್ಟಿಗೆ ಕಾಣೆಯಾದರೆ ನಂಬರು ಹಿಡಿದು ಹುಡುಕಬಹುದು. ರಾಶಿಗೆ ನಂಬರಿಲ್ಲ, ಒಂದು ಗುಡ್ಡೆಯ ಅದಿರು ಇನ್ನೊಂದರ ಹಾಗೇ ಕಾಣುತ್ತದೆ, ಕಾಗದದ ಮೇಲೆ ಯಾವ ಹೆಸರು ಬರೆದರೂ ನಡೆದುಹೋಗುತ್ತದೆ.

ಬಂದರಿನ ಸರಕಿನ ಕಾನೂನಿಗೆ ಸುಂಕದ ಆಚೆಗೂ ಒಂದು ಹೊಣೆ ಇದೆ ಎಂದು ನಾನು ಹೇಳುವುದು ಅದಕ್ಕೇ. ಚೆನ್ನೈ ಬಳಿಯ ಮಣಲಿಯ ಸರಕು ಕೇಂದ್ರದಲ್ಲಿ 2015ರಲ್ಲಿ ಕಸ್ಟಮ್ಸ್ ಹಿಡಿದ ಸುಮಾರು 700 ಟನ್ ಅಮೋನಿಯಂ ನೈಟ್ರೇಟ್ ಕಂಟೇನರುಗಳಲ್ಲಿ ವರ್ಷಗಟ್ಟಲೆ ಕೂತಿತ್ತು. 2020ರ ಆಗಸ್ಟ್ 4ರಂದು ಲೆಬನಾನಿನ ಬೇರೂತ್ ಬಂದರಿನಲ್ಲಿ, ಹಡಗಿನಿಂದ ಇಳಿಸಿ ಮರೆತ 2,750 ಟನ್ ಅದೇ ಪದಾರ್ಥ ಸಿಡಿದು 200ಕ್ಕೂ ಹೆಚ್ಚು ಜನ ಸತ್ತ ಮೇಲೆ ಮಣಲಿಯದನ್ನು ತರಾತುರಿಯಲ್ಲಿ ಹರಾಜಿನವರಿಗೆ ಒಪ್ಪಿಸಿ ಸಾಗಿಸಿದರು. ಸರಕು ಇಳಿಸಲು ಅಪ್ಪಣೆ ಕೊಡುವಷ್ಟೇ ಎಚ್ಚರ ಅದನ್ನು ಅಲ್ಲಿಂದ ತೆರವು ಮಾಡಿಸುವುದರಲ್ಲೂ ಇರಬೇಕು.

ಬಂದರುಗಳು ಇವತ್ತು ಯಾವ ಬರ್ತಿನಲ್ಲಿ ಯಾವ ಹಡಗು ನಿಂತಿದೆ, ಏನು ಇಳಿಸುತ್ತಿದೆ ಎಂದು ದಿನವೂ ಸಾರ್ವಜನಿಕವಾಗಿ ಪ್ರಕಟಿಸುತ್ತವೆ. ಅದರ ಪಕ್ಕದಲ್ಲೇ ಇನ್ನು ಮೂರು ಅಂಕಿಗಳನ್ನು ಹಾಕಲು ದೊಡ್ಡ ಖರ್ಚಿಲ್ಲ: ಬಿಲ್ ಆಫ್ ಲೇಡಿಂಗ್‌ನಲ್ಲಿ ಎಷ್ಟಿತ್ತು, ಡ್ರಾಫ್ಟ್ ಸರ್ವೆ ಪ್ರಕಾರ ಎಷ್ಟು ಇಳಿಯಿತು, ದಕ್ಕೆಯ ವೇಬ್ರಿಡ್ಜಿನಲ್ಲಿ ಎಷ್ಟು ತೂಗಿತು. ಮೂರೂ ಹೇಗಿದ್ದರೂ ದಾಖಲೆಗಳಲ್ಲಿ ಇರುತ್ತವೆ. ಗೊಬ್ಬರದ ಮಟ್ಟಿಗಂತೂ ಇದನ್ನು ಕೇಳುವ ಹಕ್ಕು ರೈತನಿಗೆ ಇದೆ, ಯಾಕೆಂದರೆ 2010ರ ಏಪ್ರಿಲ್‌ನಿಂದ ಪೊಟ್ಯಾಶಿಗೆ ಪೋಷಕಾಂಶದ ಲೆಕ್ಕದಲ್ಲಿ ಸಬ್ಸಿಡಿ ಹೋಗುತ್ತಿರುವುದು ಸಾರ್ವಜನಿಕರ ದುಡ್ಡಿನಿಂದ. ಹಳ್ಳಿಯ ಅಂಗಡಿಯಲ್ಲಿ ಬೆರಳೊತ್ತಿ ಒಂದು ಮೂಟೆ ಕೊಂಡವನ ಲೆಕ್ಕ ಯಂತ್ರದಲ್ಲಿ ದಾಖಲಾಗುತ್ತದೆ. 10 ಲಕ್ಷ ಮೂಟೆಯಷ್ಟು ಸರಕು ಹೊತ್ತು ಬರುವ ಹಡಗಿನ ಲೆಕ್ಕವನ್ನೂ ಅಷ್ಟೇ ಬಹಿರಂಗವಾಗಿ ಇಡುವಂತೆ ಬಂದರು ಮತ್ತು ಸುಂಕ ಇಲಾಖೆಗಳು ಈ ಮಳೆಗಾಲಕ್ಕೆ ಮುಂಚೆಯೇ ಶುರು ಮಾಡಬಹುದು.